ಫಾರಿನ್ನಿನಿಂದ ಬಂದವರ ಪ್ರವಚನ

ಊರಿನಲ್ಲಿ ಒಬ್ಬರು ಫಾರಿನ್ ತಿರುಗಿ ಬಂದರೆಂದರೆ ಮುಂದಿನ ನಾಲ್ಕು ಮದುವೆ, ಎರಡು ಬೊಜ್ಜ, ಒಂದು ಮನೆಯೊಕ್ಕಲಿನ ಊಟದ ಪಂಕ್ತಿಯಲ್ಲಿ ಏನು ಮಾತಾಗುತ್ತದೆ ಎಂದು ಮೊದಲೇ ಹೇಳಿಬಿಡಬಹುದು. ಸಾರು ಬರುವ ಹೊತ್ತಿಗೆ ಶುರು: “ಎಂಥಾ ರಸ್ತೆ ಮಾರಾಯ್ರೆ! ಒಂದು ಕಾಗದದ ಚೂರು ಕಾಣ್ಲಿಕ್ಕಿಲ್ಲ. ಹಾರ್ನ್ ಕೇಳ್ಲಿಕ್ಕಿಲ್ಲ. ಉಗುಳುವವ ಒಬ್ಬನೂ ಇಲ್ಲ.” ಪಾಯಸ ಬರುವಾಗ ತೀರ್ಪು: “ಅಲ್ಲಿಯವರಿಗೆ ಶಿಸ್ತು ರಕ್ತದಲ್ಲೇ ಉಂಟು. ನಮ್ಮವರು ಇನ್ನು ನೂರು ವರ್ಷ ಹೋದರೂ ಇಷ್ಟೇ.” ಸುತ್ತ ಕೂತವರು ತಲೆಯಾಡಿಸುತ್ತಾರೆ. ಎದುರು ಹೇಳಿದರೆ ‘ಇವ ಎಲ್ಲಿಗೂ ಹೋಗದವ’ ಎಂದಾಗುತ್ತದೆ. ಹಾಗಾಗಿ ಮಜ್ಜಿಗೆ ಕುಡಿದು ಏಳುತ್ತಾರೆ.

ಕಲ್ಲುಗುಂಡಿ ದೊಡ್ಡ ಊರೇನಲ್ಲ. ಸುಳ್ಯ ತಾಲೂಕಿನ ಸಂಪಾಜೆ ಗ್ರಾಮದ ಪೇಟೆ. ಒಂದು ಬದಿಗೆ ಪಯಸ್ವಿನಿ ಹೊಳೆ, ನಡುವೆ ಮಾಣಿ–ಮೈಸೂರು ಹೆದ್ದಾರಿ, ಮೇಲೆ ಹತ್ತಿದರೆ ಮಡಿಕೇರಿಯ ಘಾಟಿ. ಇಂಥ ಊರಿನಲ್ಲೂ ಈಗ ಮನೆಗೊಬ್ಬರಲ್ಲದಿದ್ದರೆ ಕೇರಿಗೊಬ್ಬರು ವಿಮಾನ ಹತ್ತಿದವರಿದ್ದಾರೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದವರು, ಮಗನ ಕೆಲಸವೆಂದು ಜರ್ಮನಿ ನೋಡಿದವರು, ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಸಿಂಗಾಪುರ–ಮಲೇಶಿಯಾ ಪ್ಯಾಕೇಜು ಮುಗಿಸಿದವರು. ನಾನೂ ಈ ಸಾಲಿನವನೇ. ನೋಡಿದ ರಸ್ತೆ ಸ್ವಚ್ಛವಿತ್ತು ಎಂಬುದರಲ್ಲಿ ನನಗೂ ತಕರಾರಿಲ್ಲ. ತಕರಾರಿರುವುದು ಆ ಸ್ವಚ್ಛತೆಗೆ ಕೊಡುವ ಕಾರಣದಲ್ಲಿ. ‘ಶಿಸ್ತು’ ಎಂಬ ಆ ಒಂದು ಉತ್ತರ ಸುಳ್ಳು, ಸೋಮಾರಿತನದ್ದು. ಹೇಳುವವರಿಗೆ ಅದು ಲಾಭದ್ದೂ ಹೌದು. ಹಾಗಾಗಿಯೇ ಇಷ್ಟು ಗಟ್ಟಿಯಾಗಿ ಉಳಿದುಕೊಂಡಿದೆ.

ದುಬೈಯಿಂದ ಶುರು ಮಾಡೋಣ, ಯಾಕೆಂದರೆ ನಮ್ಮ ಜಿಲ್ಲೆಗೆ ಹೆಚ್ಚು ಗುರ್ತದ ಫಾರಿನ್ ಅದು. ಮಂಗಳೂರಿನ ಬಜ್ಪೆಯಿಂದ ನೇರ ವಿಮಾನ 2006ರಲ್ಲಿ ಶುರುವಾಯಿತು. ಅದಕ್ಕೂ ಎಷ್ಟೋ ಮೊದಲು ಬೊಂಬಾಯಿ ಸುತ್ತಿ ಹೋಗಿ ದುಡಿದವರು ನಮ್ಮಲ್ಲಿದ್ದಾರೆ. ಕರಾಮಾದಲ್ಲಿ ಸಂಬಂಧಿಕರ ಫ್ಲ್ಯಾಟಿನಲ್ಲಿ ಉಳಿದಿದ್ದಾಗ, ತೋಟಕ್ಕೆ ನೀರು ಬಿಡುವ ಅಭ್ಯಾಸದಿಂದ ನನಗೆ ಬೆಳಗ್ಗೆ ಐದಕ್ಕೇ ಎಚ್ಚರ. ಕೆಳಗಿಳಿದು ನೋಡಿದರೆ ಪ್ರವಚನದ ದುಬೈ ಇನ್ನೂ ಎದ್ದಿರಲಿಲ್ಲ. ರಜೆಯ ಹಿಂದಿನ ರಾತ್ರಿ ಮುಗಿದಿತ್ತು. ಶವರ್ಮಾ ಸುತ್ತಿದ ಕಾಗದ, ಅರ್ಧ ಚಹಾ ಉಳಿದ ಕಾಗದದ ಲೋಟ, ಗೋಡೆಯ ಬುಡದಲ್ಲಿ ಸಿಗರೇಟಿನ ತುಂಡುಗಳ ರಾಶಿ, ಒಂದು ಮೂಲೆಯಲ್ಲಿ ಯಾರೋ ಕದ್ದು ಉಗುಳಿದ ಪಾನಿನ ಕೆಂಪು. ನಮ್ಮ ಸುಳ್ಯದ ಬಸ್ ಸ್ಟ್ಯಾಂಡಿಗಿಂತ ಕಡಿಮೆಯೇನಿರಲಿಲ್ಲ. ಆ ಕಡೆಯಿಂದ ಚಕ್ರದ ಡಬ್ಬಿ ತಳ್ಳಿಕೊಂಡು, ಕೈಯಲ್ಲಿ ಉದ್ದ ಇಕ್ಕುಳ ಹಿಡಿದ ಒಬ್ಬ ಬಂದ. ಬಗ್ಗದೆ ಒಂದೊಂದೇ ತುಂಡನ್ನು ಎತ್ತಿ ಡಬ್ಬಿಗೆ ಹಾಕುತ್ತ, ಕಾರುಗಳ ಅಡಿಗೂ ಇಕ್ಕುಳ ಹಾಕಿ ಎಳೆಯುತ್ತ ಹೋದ. ಕರೀಂನಗರದ ಕಡೆಯವನಂತೆ. ಅವನ ತಂಡವನ್ನು ತಂದು ಬಿಡುವ ಗಾಡಿ ಮೂಲೆಯಲ್ಲಿ ನಿಂತಿತ್ತು. ಅದರ ಡ್ರೈವರ್ ನನ್ನ ಲುಂಗಿ ನೋಡಿ ಕನ್ನಡದಲ್ಲೇ ಕೇಳಿದ: “ಅಣ್ಣ ಊರಿನವರಾ?”

ಸುಳ್ಯ ಕಡೆಯವ. ಅಕ್ಕನನ್ನು ಕೊಟ್ಟದ್ದು ನಮ್ಮ ಘಾಟಿಯ ಬುಡದಲ್ಲೇ. ಚಹಾ ಕುಡಿಯುತ್ತ ನಾನೂ ಮಾಮೂಲಿನ ಹಾಗೆ ಹೇಳಿದೆ, ಎಂಥಾ ಕ್ಲೀನ್ ಊರು ಎಂದು. ಅವ ನಕ್ಕ. “ಎಲ್ಲರೂ ಹಾಗೇ ಹೇಳ್ತಾರೆ ಅಣ್ಣ. ನಾವು ಎರಡು ದಿನ ಮಲಗಿದರೆ ಗೊತ್ತಾಗ್ತದೆ ಎಷ್ಟು ಕ್ಲೀನ್ ಅಂತ.” ಏಳು ಗಂಟೆಗೆ ಆ ಬೀದಿಯಲ್ಲಿ ಒಂದು ಕಡ್ಡಿ ಇರಲಿಲ್ಲ. ಪ್ರವಾಸಿಗಳ ಬಸ್ಸು ಹೊರಡುವುದು ಒಂಬತ್ತಕ್ಕೆ.

ದುಬೈಯ ಬೀದಿಯನ್ನು ಹೊಗಳಿ ಬಂದವರಲ್ಲಿ ಸೋನಾಪುರದ ಕಾರ್ಮಿಕರ ವಸತಿಯನ್ನು ನೋಡಿದವರು ಎಷ್ಟು ಮಂದಿ? ಬೆಳಗಾಗುವ ಮೊದಲೇ ಅಲ್ಲಿಂದ ಹೊರಡುವ ಬಸ್ಸುಗಳಲ್ಲಿ ಭಾರತ, ಬಾಂಗ್ಲಾ, ನೇಪಾಳ, ಪಾಕಿಸ್ತಾನದವರು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿರುತ್ತಾರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ದುಡಿಸಬಾರದು ಎಂದು ಅಲ್ಲಿಯ ಸರಕಾರ ನಿಯಮ ಮಾಡಬೇಕಾಗಿ ಬಂದಿದೆ ಎಂದರೆ ಉಳಿದ ಹೊತ್ತಿನ ಬಿಸಿಲು ಎಂಥದ್ದೆಂದು ಊಹಿಸಬಹುದು. ‘ಅಲ್ಲಿಯವರ ಶಿಸ್ತು’ ಎಂದು ನಾವು ಕೈಮುಗಿಯುವುದರ ಬಹುಪಾಲು, ನಮ್ಮವರೇ ಬಗ್ಗಿ ಎದ್ದು ಮಾಡಿದ ಕೆಲಸ. ನಮ್ಮ ರಕ್ತದಲ್ಲಿ ಇಲ್ಲದ್ದು ಎಂದು ಯಾವುದನ್ನು ಹಳಿಯುತ್ತೇವೋ ಅದಕ್ಕೆ ಬೆವರು ಸುರಿಸಿದ್ದು ನಮ್ಮ ಪಕ್ಕದ ಮನೆಯ ಹುಡುಗ.

ಇನ್ನು ದುಬೈ ಮೆಟ್ರೊ. 2009ರಲ್ಲಿ ಶುರುವಾದ ಆ ರೈಲಿನಲ್ಲಿ ತಿಂದರೆ, ಕುಡಿದರೆ ನೂರು ದಿರ್ಹಮ್ ದಂಡ. ನಮ್ಮ ಕಡೆಯ ಗಂಡಸರು, ಮನೆ ಬಿಟ್ಟು ಬಜ್ಪೆ ಮುಟ್ಟುವವರೆಗೆ ಕಾರಿನ ಕಿಟಕಿಯಿಂದ ದಾರಿಯುದ್ದಕ್ಕೂ ಎಲೆಯಡಿಕೆ ಉಗುಳುತ್ತ ಬಂದವರು, ನಾಲ್ಕು ಗಂಟೆಯ ವಿಮಾನ ಇಳಿದ ಕೂಡಲೇ ಸಂಭಾವಿತರಾಗುವುದನ್ನು ನಾನು ಕಂಡಿದ್ದೇನೆ. ನಾಲ್ಕು ಗಂಟೆಯಲ್ಲಿ ರಕ್ತ ಬದಲಾಗುವುದಿಲ್ಲ. “ಅದು ದಂಡದ ಹೆದರಿಕೆ” ಎನ್ನುತ್ತೀರಿ. ಸರಿ. ಹಾಗಾದರೆ ದಂಡ ಎಂದೇ ಹೇಳಿ; ಅದನ್ನು ವಸೂಲು ಮಾಡುವ ಇಲಾಖೆ, ಅದಕ್ಕೆ ಬೇಕಾದ ಸಿಬ್ಬಂದಿ, ಆ ಸಿಬ್ಬಂದಿಯ ಸಂಬಳ, ಎಲ್ಲವನ್ನೂ ಹೇಳಿ. ಪಂಕ್ತಿಯಲ್ಲಿ ಇದೆಲ್ಲ ಬಿಟ್ಟುಹೋಗಿ ರಕ್ತ ಒಂದೇ ಉಳಿಯುತ್ತದೆ.

ಸಿಂಗಾಪುರದ ಕತೆ ಇನ್ನೂ ಸ್ವಾರಸ್ಯದ್ದು. ಪ್ಯಾಕೇಜಿನವರ ಬಾಯಲ್ಲಿ ಅದು ಶಿಸ್ತಿನ ತವರುಮನೆ. ಆದರೆ ತನ್ನ ಜನರ ಶಿಸ್ತನ್ನು ಸಿಂಗಾಪುರದ ಸರಕಾರ ಒಂದು ದಿನವೂ ನಂಬಿ ಕೂತದ್ದಿಲ್ಲ. 1968ರಲ್ಲಿ ದೊಡ್ಡ ಸ್ವಚ್ಛತಾ ಅಭಿಯಾನ ಹೂಡಿತು. 1977ರಲ್ಲಿ ಕೊಳಚೆಯಾಗಿ ನಾರುತ್ತಿದ್ದ ಸಿಂಗಾಪುರ ನದಿಯನ್ನು ಹತ್ತು ವರ್ಷದಲ್ಲಿ ಶುದ್ಧ ಮಾಡಬೇಕೆಂದು ಪ್ರಧಾನಿ ಲೀ ಕುವಾನ್ ಯೂ ಗಡುವು ಕೊಟ್ಟರು. ಹಂದಿ ಸಾಕಣೆಯನ್ನು ಎಬ್ಬಿಸಿ, ದಡದ ಗುಡಿಸಲುಗಳನ್ನು ಖಾಲಿ ಮಾಡಿಸಿ ಬೇರೆ ಮನೆ ಕೊಟ್ಟು, ಬೀದಿಯಲ್ಲಿ ತಿಂಡಿ ಮಾರುವವರನ್ನು ನೀರು–ಚರಂಡಿ ಇರುವ ಕಟ್ಟಡಗಳೊಳಗೆ ಕೂರಿಸಿ 1987ರ ಹೊತ್ತಿಗೆ ಆ ಕೆಲಸ ಮುಗಿಸಿದರು. ಚ್ಯೂಯಿಂಗ್ ಗಮ್ ಮಾರಾಟವನ್ನೇ 1992ರಲ್ಲಿ ನಿಲ್ಲಿಸಿದರು. ಅದೇ ವರ್ಷ, ಕಸ ಎಸೆದು ಸಿಕ್ಕಿಬಿದ್ದವರಿಗೆ ಕಣ್ಣು ಕುಕ್ಕುವ ಬಣ್ಣದ ಅಂಗಿ ಹಾಕಿಸಿ ಎಲ್ಲರೆದುರು ಬೀದಿ ಗುಡಿಸಿಸುವ ಶಿಕ್ಷೆ ತಂದರು. ಇಷ್ಟಾದ ಮೇಲೆ, 2015ರ ಜನವರಿಯಲ್ಲಿ ಒಂದು ಸಂಗೀತೋತ್ಸವ ಮುಗಿದಾಗ ಮೈದಾನದ ತುಂಬ ಬಿದ್ದ ಕಸದ ಫೋಟೊ ಹಾಕಿ ಪ್ರಧಾನಿ ಲೀ ಸಿಯನ್ ಲೂಂಗ್ ಅವರೇ ಬೇಸರ ತೋಡಿಕೊಂಡರು. ತಿಂದ ತಟ್ಟೆಯನ್ನು ಮೇಜಿನಿಂದ ಎತ್ತಿ ಒಳಗಿಡಿ ಎಂದು ವರ್ಷಗಟ್ಟಲೆ ಬೇಡಿಕೊಂಡರೂ ಜನ ಕೇಳಲಿಲ್ಲ; ಕೊನೆಗೆ 2021ರ ಸೆಪ್ಟೆಂಬರಿನಿಂದ ಅದಕ್ಕೂ ಕಾನೂನು ಬಳಸಬೇಕಾಯಿತು. ತಿಂದ ಎಲೆಯನ್ನು ತಾನೇ ಎತ್ತುವುದು ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಇಂದಿಗೂ ರೂಢಿ. ಇದನ್ನು ಹೇಳಿ ಸಿಂಗಾಪುರದವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರೂ ನಮ್ಮ ಹಾಗೆ ಮನುಷ್ಯರು, ಮತ್ತು ಅವರ ಸರಕಾರಕ್ಕೆ ಅದು ಚೆನ್ನಾಗಿ ಗೊತ್ತು.

ಆ ತಟ್ಟೆಗಳನ್ನು ಅಷ್ಟು ವರ್ಷ ಎತ್ತುತ್ತಿದ್ದವರು ಯಾರು? ಊಟದ ಅಂಗಣದಲ್ಲಿ ನಾನು ಗಮನಿಸಿದ್ದು ಎಪ್ಪತ್ತರ ಆಸುಪಾಸಿನ ಮುದುಕಿಯರನ್ನು. ನಮ್ಮ ಮೇಜಿನಿಂದ ತಟ್ಟೆ ಎತ್ತಿದ ಅಜ್ಜಿಯ ಬೆರಳು ಸಂಧಿವಾತಕ್ಕೆ ಬಾಗಿ ಕೊಕ್ಕೆಯಾಗಿತ್ತು. ತಂಡದ ಒಬ್ಬರು ಅವಳೊಡನೆ ನಿಂತು ಫೋಟೊ ತೆಗೆಸಿಕೊಂಡರು: “ನೋಡಿ, ಈ ವಯಸ್ಸಿನಲ್ಲೂ ಇವರ ಕರ್ತವ್ಯ ಪ್ರಜ್ಞೆ!” ಎಪ್ಪತ್ತರ ಹೆಂಗಸು ಎಂಜಲು ತಟ್ಟೆ ಎತ್ತಬೇಕಾಗಿ ಬಂದರೆ ಅದಕ್ಕೆ ಬಾಡಿಗೆ, ಮದ್ದು, ಪಿಂಚಣಿ ಇಂಥ ಕಾರಣಗಳೂ ಇರಬಹುದು ಎಂದು ಅವರಿಗೆ ಹೊಳೆಯಲಿಲ್ಲ. ನಮ್ಮೂರ ಹೋಟೆಲಿನಲ್ಲಿ ಅದೇ ಪ್ರಾಯದವಳು ಮೇಜು ಒರೆಸುತ್ತಿದ್ದರೆ ‘ಪಾಪ, ಮಕ್ಕಳು ನೋಡ್ಲಿಕ್ಕಿಲ್ಲ’ ಎಂದು ಹೇಳುವವರೂ ಇವರೇ.

ಪ್ಯಾಕೇಜು ತೋರಿಸುವುದು ಊರಿನ ಚಾವಡಿಯನ್ನು. ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆಂದು ನೆಂಟರಿಗೆ ಯಾರೂ ತೋರಿಸುವುದಿಲ್ಲ. ಸಿಂಗಾಪುರದ ಕಸ ದೈತ್ಯ ಕುಲುಮೆಗಳಲ್ಲಿ ಸುಟ್ಟು ಬೂದಿಯಾಗಿ, ಹಡಗು ಹತ್ತಿ, ಪುಲಾವ್ ಸೆಮಕಾವ್ ಎಂಬ ದ್ವೀಪಕ್ಕೆ ಹೋಗುತ್ತದೆ. 1999ರಿಂದ ಆ ದೇಶದ ಕಸದ ಗುಂಡಿ ಅದೇ. ಮೆರ್ಲಯನ್ ಪ್ರತಿಮೆಯ ಬಾಯಿಂದ ನೀರು ಬೀಳುವುದನ್ನು ನೋಡಿ ಬಂದವರಿಗೆ ಆ ದ್ವೀಪದ ಹೆಸರು ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದು ತಪ್ಪಲ್ಲ. ಗೊತ್ತಿಲ್ಲದೆ ತೀರ್ಪು ಕೊಡುವುದು ತಪ್ಪು.

ಯುರೋಪಿಗೆ ಬರೋಣ. ಹತ್ತು ದಿನದಲ್ಲಿ ಏಳು ದೇಶ, ಜತೆಗೆ ಅಡುಗೆ ಭಟ್ಟರು, ರಾತ್ರಿ ಅನ್ನ–ಸಾರು. ಪ್ಯಾರಿಸ್ಸಿನಲ್ಲಿ ಒಂದು ಮಧ್ಯಾಹ್ನ ಉಳಿದವರು ಅತ್ತರಿನ ಅಂಗಡಿಗೆ ಹೋದಾಗ ನಾನು ಆಲ್ಮಾ ಸೇತುವೆಯ ಬಳಿ ಚರಂಡಿ ನೋಡಲು ಇಳಿದೆ. ತಮಾಷೆಯಲ್ಲ, ಅಲ್ಲಿ ಚರಂಡಿಗೆ ಟಿಕೇಟು ಉಂಟು. 1867ರ ಮಹಾ ಪ್ರದರ್ಶನದ ಕಾಲದಿಂದಲೇ ಅದನ್ನು ಜನರಿಗೆ ತೋರಿಸುತ್ತ ಬಂದಿದ್ದಾರೆ. ಒಳಗೆ ಕಮಾನಿನ ಸುರಂಗ, ಪಕ್ಕದಲ್ಲಿ ನಡೆಯಲು ಕಟ್ಟೆ, ಕೆಳಗೆ ಕಂದು ನೀರಿನ ಹರಿವು, ಮೇಲೆ ದಪ್ಪ ಕೊಳವೆಗಳು. ಮೂಗಿಗೆ ಕರವಸ್ತ್ರ ಬೇಕು. ಮೇಲಿನ ಬೀದಿಗೆ ಯಾವ ಹೆಸರೋ ಕೆಳಗಿನ ಸುರಂಗಕ್ಕೂ ಅದೇ ಹೆಸರಿನ ಫಲಕ; ಊರಿನಡಿ ಇನ್ನೊಂದು ಊರು. ಬೆಲ್‌ಗ್ರಾಂ ಎಂಬ ಎಂಜಿನಿಯರು ಹತ್ತೊಂಬತ್ತನೇ ಶತಮಾನದಲ್ಲಿ ಹಾಕಿದ ಅಡಿಪಾಯದ ಮೇಲೆ ಇವತ್ತು 2,400 ಕಿ.ಮೀ.ಗೂ ಹೆಚ್ಚಿನ ಜಾಲ ನಿಂತಿದೆ. ನನ್ನ ಪ್ರವಾಸದಲ್ಲಿ ನೋಡತಕ್ಕದ್ದು ಎಂದು ನನಗನ್ನಿಸಿದ್ದು ಅದು. ಐಫೆಲ್ ಗೋಪುರ ಚೆನ್ನಾಗಿದೆ, ಆದರೆ ಅದನ್ನು ನೋಡಿ ನಾವು ಕಲಿಯುವುದಕ್ಕೆ ಏನೂ ಇಲ್ಲ.

ಆ ಪ್ಯಾರಿಸ್ಸಿನ ಜನರ ಶಿಸ್ತಿಗೆ 2023ರ ಮಾರ್ಚಿನಲ್ಲಿ ಪರೀಕ್ಷೆ ಬಂತು. ಸರಕಾರ ನಿವೃತ್ತಿ ವಯಸ್ಸು ಏರಿಸಲು ಹೊರಟದ್ದಕ್ಕೆ ಕಸ ಎತ್ತುವವರು ಮುಷ್ಕರ ಹೂಡಿದರು. ಹೆಚ್ಚೇನೂ ಬೇಕಾಗಲಿಲ್ಲ, ಕೆಲವೇ ವಾರಗಳಲ್ಲಿ ಬೀದಿ ಬದಿಯಲ್ಲಿ ಹತ್ತು ಸಾವಿರ ಟನ್ನಿನಷ್ಟು ಕಸ ಕೊಳೆಯಿತು, ಇಲಿಗಳಿಗೆ ಹಬ್ಬವಾಯಿತು. ನ್ಯೂಯಾರ್ಕಿನಲ್ಲಿ 1968ರ ಫೆಬ್ರವರಿಯಲ್ಲಿ ಒಂಬತ್ತು ದಿನ ಕಸದ ಲಾರಿ ನಿಂತಾಗ ಒಂದು ಲಕ್ಷ ಟನ್ನಿನ ಹತ್ತಿರ ರಾಶಿ ಬಿದ್ದಿತ್ತು. ಲಂಡನ್ನಿನಲ್ಲಿ 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ನಾತಕ್ಕೆ ಪಾರ್ಲಿಮೆಂಟಿನ ಪರದೆಗಳಿಗೆ ಬ್ಲೀಚಿಂಗ್ ಪುಡಿಯ ನೀರು ಹಾಕಿ ಕೂರಬೇಕಾಯಿತು. ಮೂಗಿಗೇ ಬಂದ ಮೇಲೆ ಸದಸ್ಯರು ದುಡ್ಡು ಮಂಜೂರು ಮಾಡಿದರು, ಬೇಜಲ್‌ಗೆಟ್ ಒಳಚರಂಡಿ ಕಟ್ಟಿದ. ನಮ್ಮನ್ನು ಆಳುತ್ತಿದ್ದವರ ಊರು ಅದು, ಆ ಕಾಲದಲ್ಲೇ. ದುಬೈಯ ಡ್ರೈವರ್ ಎರಡು ದಿನ ಎಂದಿದ್ದ. ಲೆಕ್ಕದಲ್ಲಿ ಸ್ವಲ್ಪ ಆಚೀಚೆ, ಅಷ್ಟೆ.

ಇನ್ನೊಂದು ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಶ್ರೀಮಂತ ದೇಶಗಳ ಅಂಗಳ ಸ್ವಚ್ಛ ಇರುವುದಕ್ಕೆ ಕಸವನ್ನು ಬೇಲಿಯಾಚೆ ದಾಟಿಸುವುದೂ ಒಂದು ಕಾರಣ. ಚೀನಾ 2018ರಲ್ಲಿ ಹೊರಗಿನ ಪ್ಲಾಸ್ಟಿಕ್ ಕಸಕ್ಕೆ ಬಾಗಿಲು ಮುಚ್ಚಿದ ಮೇಲೆ ಆ ರಾಶಿ ಮಲೇಶಿಯಾ, ಇಂಡೊನೇಶಿಯಾ ಕಡೆ ತಿರುಗಿತು. 2019ರಲ್ಲಿ ಫಿಲಿಪ್ಪೀನ್ಸ್ 69 ಕಂಟೇನರ್ ಕಸವನ್ನು ಕೆನಡಾಕ್ಕೆ ಹಿಂದೆ ಕಳಿಸಿತು. 2020ರ ಜನವರಿಯ ಹೊತ್ತಿಗೆ ಮಲೇಶಿಯಾ ವಾಪಸು ಕಳಿಸಿದ್ದು 150 ಕಂಟೇನರ್, ಅದರಲ್ಲಿ ಫ್ರಾನ್ಸ್, ಬ್ರಿಟನ್, ಅಮೆರಿಕದ ಪಾಲೂ ಇತ್ತು. ಸಿಂಗಾಪುರ–ಮಲೇಶಿಯಾ ಪ್ಯಾಕೇಜಿನಲ್ಲಿ ಪೆನಾಂಗ್ ಬಂದರಿನ ಆ ಕಂಟೇನರುಗಳನ್ನು ತೋರಿಸುವುದಿಲ್ಲ.

“ಹಾಗಾದರೆ ಜಪಾನ್?” ಇದು ಪ್ರವಚನಕಾರರ ಕೊನೆಯ ಅಸ್ತ್ರ, ಗಟ್ಟಿಯಾದದ್ದೂ ಹೌದು. ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಆಟ ಮುಗಿದ ಮೇಲೆ ಚೀಲ ಹಿಡಿದು ಕಸ ಹೆಕ್ಕುವ ಜಪಾನೀಯರ ವಿಡಿಯೊ ನಿಮಗೂ ನಾಲ್ಕು ಗುಂಪಿನಿಂದ ಬಂದಿರುತ್ತದೆ. ಅಲ್ಲಿ ಶಾಲೆಯ ಮಕ್ಕಳೇ ತರಗತಿ ಗುಡಿಸುತ್ತಾರೆ, ಬೀದಿಯಲ್ಲಿ ಕಸದ ಡಬ್ಬಿ ಸಿಗದಿದ್ದರೆ ಜನ ಕಿಸೆಯಲ್ಲಿಟ್ಟು ಮನೆಗೆ ಒಯ್ಯುತ್ತಾರೆ, ನಿಜ, ಒಪ್ಪಿದೆ. ಆದರೆ ಅದೇ ತೋಕಿಯೊದಲ್ಲಿ 1971ರಲ್ಲಿ ಗವರ್ನರ್ ಮಿನೋಬೆ ‘ಕಸದ ಯುದ್ಧ’ ಘೋಷಿಸಬೇಕಾಗಿ ಬಂದಿತ್ತು. ಊರಿನ ಕಸದ ಬಹುಪಾಲು ಕೋತೋ ಎಂಬ ಬಡ ವಾರ್ಡಿನ ಗುಂಡಿಗೆ. ಸುಗಿನಾಮಿ ಎಂಬ ಅನುಕೂಲಸ್ಥರ ವಾರ್ಡಿನವರು ಮಾತ್ರ ತಮ್ಮಲ್ಲಿ ಕಸ ಸುಡುವ ಘಟಕ ಬೇಡವೆಂದು ಹಟ ಹಿಡಿದರು. ಕೋತೋದವರು ರಸ್ತೆಗಿಳಿದು ಸುಗಿನಾಮಿಯ ಲಾರಿಗಳನ್ನು ತಡೆದು ಹಿಂದೆ ಕಳಿಸಿದರು. ಓದುವಾಗ ನನಗೆ ಜಪಾನ್ ಕಾಣಲಿಲ್ಲ, ಪಚ್ಚನಾಡಿ ಕಂಡಿತು. ಅದೇ ರಕ್ತ, ಅದೇ ಬುದ್ಧನ ನಾಡು. ಪ್ರತಿ ವಾರ್ಡಿನ ಕಸಕ್ಕೆ ಆ ವಾರ್ಡೇ ಹೊಣೆ ಎಂಬ ತತ್ವಕ್ಕಾಗಿ ಹೊಡೆದಾಡಿ, ಕುಲುಮೆ ಕಟ್ಟಿ, ವಾರಕ್ಕೆ ಯಾವ ದಿನ ಯಾವ ಕಸ ಎಂದು ಗೊತ್ತು ಮಾಡಿ, ತಪ್ಪದೆ ಲಾರಿ ಕಳಿಸಿದ ಮೇಲೆ ಜನರ ರೂಢಿ ಅದಕ್ಕೆ ಹೊಂದಿಕೊಂಡಿತು. ವ್ಯವಸ್ಥೆ ಮೊದಲು ಬಂತು. ನಾವು ನೋಡಲು ಹೋದದ್ದು ಎಷ್ಟೋ ವರ್ಷದ ಮೇಲೆ.

ಪಚ್ಚನಾಡಿಯ ಹೆಸರು ಬಂತಲ್ಲ. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಕಸದ ಗುಡ್ಡ ಜರಿದು ಮಂದಾರದ ಅಡಿಕೆ ತೋಟಗಳ ಮೇಲೆ ಇಳಿಯಿತು. ತೋಟ, ಬಾವಿ, ಮನೆ ಒಂದನ್ನೂ ಬಿಡಲಿಲ್ಲ. ಜನ ಮನೆ ಬಿಟ್ಟು ಹೊರಡಬೇಕಾಯಿತು. ಅಡಿಕೆಯವರಿಗೆ ಅದರ ಸಂಕಟ ವಿವರಿಸಬೇಕಾಗಿಲ್ಲ. ಮಂದಾರದವರು ಶಿಸ್ತಿಲ್ಲದವರು ಎಂದೇ ಹಾಗಾಯಿತೇ? ಮಂಗಳೂರಿನ ಫ್ಲ್ಯಾಟಿನವರು ಡಬ್ಬಿಯಲ್ಲಿ ಹಾಕಿ, ಮುಚ್ಚಿ, ಶಿಸ್ತಾಗಿ ಹೊರಗಿಟ್ಟ ಕಸವೇ ಅದು. ಅವರ ಬಾಗಿಲಿನಿಂದಾಚೆ ಏನಾಗಬೇಕಿತ್ತೋ ಅದು ಆಗಲಿಲ್ಲ.

ನಮ್ಮ ಜನ ಹೇಗೆಂದು ನೋಡಬೇಕಿದ್ದರೆ 2022ರ ಆಗಸ್ಟಿನ ಮೊದಲ ವಾರ ಕಲ್ಲುಗುಂಡಿಗೆ ಬರಬೇಕಿತ್ತು. ಇರುಳಿಡೀ ಸುರಿದ ಮಳೆಗೆ ಪಯಸ್ವಿನಿ ದಡ ಮೀರಿ ಪೇಟೆಯೊಳಗೆ ನುಗ್ಗಿತು. ಮರದ ದಿಮ್ಮಿಗಳು ಬಂದು ಬಡಿದವು. ಬೆಳಗಾದಾಗ ಅಂಗಡಿಗಳೊಳಗೆ ಕೆಸರು, ಅಕ್ಕಿ ಮೂಟೆ ಉಬ್ಬಿ ಹೊಲಿಗೆ ಬಿಟ್ಟಿತ್ತು, ಫ್ರಿಜ್ಜು ಕೌಚಿ ಬಿದ್ದಿತ್ತು, ಔಷಧದ ಪೆಟ್ಟಿಗೆಗಳು ರಸ್ತೆಯಲ್ಲಿ ಕರಗುತ್ತಿದ್ದವು. ಮಧ್ಯಾಹ್ನದೊಳಗೆ ಸುಳ್ಯ, ಅರಂತೋಡು, ಗೂನಡ್ಕ ಕಡೆಯಿಂದ ಹುಡುಗರು ಪಿಕಪ್ಪುಗಳಲ್ಲಿ ಹಾರೆ, ಸಲಿಕೆ, ಪಂಪುಸೆಟ್ಟು ತುಂಬಿಕೊಂಡು ಬಂದರು. ಮಸೀದಿಯ ಗುಂಪು, ಭಜನಾ ಮಂದಿರದ ಗುಂಪು, ಇಗರ್ಜಿಯ ಗುಂಪು ಎಂದು ಲೆಕ್ಕ ಇರಲಿಲ್ಲ. ಯಾರ ಅಂಗಡಿಯ ಕೆಸರನ್ನು ಯಾರು ಎತ್ತಿದರೆಂದು ಯಾರೂ ಕೇಳಲಿಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು, 2018ರಲ್ಲಿ, ಜೋಡುಪಾಲದ ಗುಡ್ಡ ಜರಿದು ಘಾಟಿ ಮುಚ್ಚಿದಾಗ ಮೇಲಿನಿಂದ ಉಟ್ಟ ಬಟ್ಟೆಯಲ್ಲಿ ಇಳಿದು ಬಂದವರಿಗೆ ಅನ್ನ ಬೇಯಿಸಿ ಹಾಕಿದ್ದೂ ಇದೇ ಜನ. ಇವರನ್ನು ‘ನೂರು ವರ್ಷ ಹೋದರೂ ಇಷ್ಟೇ’ ಎನ್ನುವವರು ಆ ದಿನ ಎಲ್ಲಿದ್ದರೋ.

ಆದರೆ ಅದೇ ಜನ ಮರುವಾರದಿಂದ ಮತ್ತೆ ತೋಡಿಗೆ ಪ್ಲಾಸ್ಟಿಕ್ ಎಸೆದರು ಎಂಬುದೂ ನಿಜ. ಮಡಿಕೇರಿಗೆ ಹೋಗುವ ಕಾರಿನವರು ಘಾಟಿಯ ತಿರುವಿನಲ್ಲಿ ಬಿರಿಯಾನಿ ತಿಂದು ತಟ್ಟೆಯನ್ನು ಬರೆಯಿಂದ ಕೆಳಗೆ ಬಿಡುತ್ತಾರೆ ಎಂಬುದು ನಿಜ. ಮಳೆಗಾಲದಲ್ಲಿ ಅದೆಲ್ಲ ಪಯಸ್ವಿನಿಗಿಳಿದು, ಕಾಸರಗೋಡಿನಲ್ಲಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಡಲು ಸೇರುತ್ತದೆ. ಕೆಸರು ಎತ್ತಿದ ಕೈಯೇ ತೊಟ್ಟೆ ಎಸೆಯುವುದು ಯಾಕೆ? ಕೆಸರಿನ ದಿನ ಎಲ್ಲಿಗೆ ಹಾಕಬೇಕು, ಯಾರು ಒಯ್ಯುತ್ತಾರೆ, ಯಾವಾಗ ಗಾಡಿ ಬರುತ್ತದೆ ಎಂಬುದು ಪ್ರತಿಯೊಬ್ಬನಿಗೂ ಗೊತ್ತಿತ್ತು. ಉಳಿದ ದಿನ ಅದು ಯಾರಿಗೂ ಗೊತ್ತಿಲ್ಲ. ವಾರಕ್ಕೊಮ್ಮೆ ಬಂದರೆ ಬಂತು ಎನ್ನುವ ಗಾಡಿಗಾಗಿ ಮೀನಿನ ಸಿಪ್ಪೆಯನ್ನು ಅಂಗಳದಲ್ಲಿಟ್ಟು ಕಾಯುವ ಶಿಸ್ತು ಜಪಾನಿನವನಿಗೂ ಇರಲಾರದು.

ನಮ್ಮಲ್ಲಿ ನಿಜವಾದ ದೋಷ ಒಂದುಂಟು, ಅದರ ಮಾತು ಮಾತ್ರ ಪ್ರವಚನದಲ್ಲಿ ಬರುವುದೇ ಇಲ್ಲ. ಕಸ ಎತ್ತುವುದು ‘ಆ ಜಾತಿಯವರ’ ಕೆಲಸ ಎಂದು ನಾವು ಶತಮಾನಗಳಿಂದ ನಂಬಿದ್ದೇವೆ. ನಮ್ಮ ಜಿಲ್ಲೆಯಲ್ಲೇ ಕೊರಗ ಸಮುದಾಯದವರನ್ನು ಹೇಗೆ ನಡೆಸಿಕೊಂಡೆವು ಎಂಬುದಕ್ಕೆ, ಅವರನ್ನು ಕೀಳಾಗಿ ಕಂಡು ದುಡಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ಕಾನೂನು ಮಾಡಬೇಕಾಯಿತು ಎಂಬುದೇ ಸಾಕ್ಷಿ. ಗುಡಿಸುವವನಿಗೆ ಕೂಲಿ ಕಡಿಮೆ ಕೊಟ್ಟರೆ ನಡೆಯುತ್ತದೆ, ಕೈಗವಸು ಕೊಡದಿದ್ದರೂ ನಡೆಯುತ್ತದೆ, ಗುತ್ತಿಗೆಯಲ್ಲಿಟ್ಟು ತಿಂಗಳುಗಟ್ಟಲೆ ಸಂಬಳ ತಡೆದರೂ ನಡೆಯುತ್ತದೆ ಎಂಬ ಧೈರ್ಯ ಅಲ್ಲಿಂದ ಬಂದದ್ದು. ಪ್ಯಾರಿಸ್ಸಿನಲ್ಲಿ ಹಸಿರು ಅಂಗಿಯ ಗುಡಿಸುವವರು ನಾವು ಕಾಫಿ ಕುಡಿದ ಅಂಗಡಿಯ ಅದೇ ಕಟ್ಟೆಗೆ ಮೊಣಕೈಯೂರಿ ಕಾಫಿ ಕುಡಿಯುತ್ತಿದ್ದರು. ಅಲ್ಲಿಯೂ ಅವರಲ್ಲಿ ಹಲವರು ವಲಸೆ ಬಂದ ಕಪ್ಪು ಜನ, ಅಲ್ಲಿಯೂ ಅವರ ಮನೆ ಊರಾಚೆಯೇ, ಸ್ವರ್ಗವೇನಲ್ಲ. ಆದರೆ ಅವರಿಗೊಂದು ಸಂಘವಿತ್ತು, ಅದು ರಾಜಧಾನಿಯನ್ನು ನಾರಿಸಬಲ್ಲದಾಗಿತ್ತು. ನಮ್ಮ ತಂಡದ ಕೆಮರಾಗಳು ಆ ಬೆಳಗ್ಗೆ ಕಾಫಿಯ ನೊರೆಯ ಮೇಲಿನ ಹೂವನ್ನು ಹಿಡಿದವು.

ಹಿಂದಿನವರು ಪ್ರವಾಸ ಹೋದಾಗ ಇಷ್ಟು ಬೇಗ ತೀರ್ಪು ಕೊಡುತ್ತಿರಲಿಲ್ಲ ಅನ್ನಿಸುತ್ತದೆ. ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು ಐವತ್ತರ ದಶಕದಲ್ಲಿ ಯುರೋಪು ಸುತ್ತಿ ‘ಅಪೂರ್ವ ಪಶ್ಚಿಮ’ ಬರೆದರು. ಗೊರೂರರು ಮುಪ್ಪಿನಲ್ಲಿ ಅಮೆರಿಕ ಕಂಡು ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಕಣ್ಣಿಗೆ ಊರೆಂದರೆ ಅದರ ಜನ, ಅವರ ಕೆಲಸ, ಕಲೆ, ಮನೆವಾರ್ತೆ. ಈಗಿನವರಿಗೆ ರಸ್ತೆಯ ಟಾರು ಒಂದೇ ಕಾಣುವುದು. ಅದರ ಮೇಲೆ ಕಸ ಇಲ್ಲ ಎಂಬಲ್ಲಿಗೆ ಪಾಶ್ಚಾತ್ಯ ನಾಗರಿಕತೆಯ ಅಧ್ಯಯನ ಮುಗಿಯಿತು.

ಈ ಶಿಸ್ತಿನ ಮಾತು ಹೇಳುವವರಿಗೆ ಲಾಭದ್ದು ಎಂದೆ. ಹೇಗೆಂದರೆ, ಕಾರಣ ರಕ್ತದಲ್ಲಿದ್ದರೆ ಯಾರೂ ಏನೂ ಮಾಡಬೇಕಾಗಿಲ್ಲ, ಮುಖ್ಯವಾಗಿ ಕಿಸೆಗೆ ಕೈ ಹಾಕಬೇಕಾಗಿಲ್ಲ. ಕಾರಣ ಗಾಡಿ, ಡೀಸೆಲ್, ಸಂಬಳದಲ್ಲಿದ್ದರೆ ಮನೆತೆರಿಗೆಯ ಮಾತು ಬರುತ್ತದೆ. ಇವತ್ತು ಪಂಚಾಯತಿಗಳಲ್ಲಿ ಸ್ವಚ್ಛವಾಹಿನಿ ಎಂಬ ಗಾಡಿಗಳಿವೆ, ಸಂಜೀವಿನಿ ಸಂಘದ ಹೆಂಗಸರೇ ಅದನ್ನು ಓಡಿಸುವುದೂ ಉಂಟು. ತೆಂಕ ಎಡಪದವಿನಲ್ಲಿ ಹಳ್ಳಿಗಳ ಒಣಕಸವನ್ನು ವಿಂಗಡಿಸುವ ದೊಡ್ಡ ಘಟಕವೇ ಆಗಿದೆ. ಅಂದರೆ ದಾರಿ ಗೊತ್ತಿಲ್ಲದೆ ನಾವು ಕೂತದ್ದಲ್ಲ. ನಮ್ಮ ಕಡೆಯ ಒಂದು ಗ್ರಾಮಸಭೆಯಲ್ಲಿ ಮನೆಯೊಂದಕ್ಕೆ ತಿಂಗಳಿಗೆ ಐವತ್ತು ರೂಪಾಯಿ ಕಸದ ಶುಲ್ಕದ ವಿಷಯ ಬಂತು. ಮೊದಲು ಎದ್ದು ನಿಂತವರು ಆ ಬೇಸಗೆಯಲ್ಲಷ್ಟೇ ಸ್ವಿಟ್ಜರ್ಲೆಂಡ್ ಮುಗಿಸಿ ಬಂದವರು. “ನಮಗೆ ಹತ್ತು ಎಕರೆ ತೋಟ ಉಂಟು, ನಮ್ಮ ಕಸ ನಾವು ನೋಡಿಕೊಳ್ತೇವೆ. ದುಡ್ಡು ಯಾಕೆ? ಮೊದಲು ಜನಕ್ಕೆ ಶಿಸ್ತು ಬರಬೇಕು. ಜ್ಯೂರಿಕ್‌ನಲ್ಲಿ ನೋಡಿ...”

ಜ್ಯೂರಿಕ್‌ನಲ್ಲಿ 1993ರಿಂದ ಕಸ ಹಾಕುವುದಕ್ಕೆ ನಗರಸಭೆಯ ಗುರುತಿನ ಚೀಲವನ್ನೇ ಕೊಳ್ಳಬೇಕು. ಶುಲ್ಕ ಚೀಲದ ಬೆಲೆಯಲ್ಲೇ ಸೇರಿದೆ. ಹೆಚ್ಚು ಕಸ ಮಾಡಿದವನಿಗೆ ಹೆಚ್ಚು ಚೀಲ, ಹೆಚ್ಚು ದುಡ್ಡು. ಬೇರೆ ಚೀಲದಲ್ಲಿಟ್ಟರೆ ಬಿಚ್ಚಿ ಹುಡುಕಿ ವಿಳಾಸ ಪತ್ತೆ ಮಾಡಿ ದಂಡ ಹಾಕುತ್ತಾರೆ. ನಾನು ಇಷ್ಟನ್ನು ಎದ್ದು ಹೇಳಿದೆ. “ಅದು ಅವರ ದೇಶ” ಎಂದರು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಗಾಡಿ ಓಡಿಸುವ ಹೆಂಗಸು ಮೈಕಿಗೆ ಕಾಯದೆ ಹೇಳಿದಳು: “ಶಿಸ್ತು ನಾವು ತರುವ ಸರ್, ಡೀಸೆಲಿಗೆ ನೀವು ಕೊಡಿ.” ಸಭೆ ನಕ್ಕಿತು. ಶುಲ್ಕದ ವಿಷಯ ಮುಂದಿನ ಸಭೆಗೆ ಹೋಯಿತು.